ಸಂಜೆ ಆರೂವರೆಯ ಲಾಳಿ

ಮಗ್ಗದ ಸದ್ದಿಗೆ ಕೊಂಡಪ್ಪನವರ ಕಿವಿ ಮಂದವಾಗಿ ಹತ್ತು ವರ್ಷವಾಯಿತು. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ನಲವತ್ತೊಂದು ವರ್ಷದಿಂದ ಕರೆಂಟ್ ಮಗ್ಗ ನಡೆಸುತ್ತಿರುವವರು ಅವರು. ಈಗ ಚೌಕಟ್ಟಿನ ಮೇಲೆ ಅಂಗೈ ಇಟ್ಟು, ನಡುಕದಿಂದಲೇ ಮಗ್ಗದ ಓಟ ಸರಿಯಿದೆಯೇ ಎಂದು ತಿಳಿಯುತ್ತಾರೆ.

ಜೂನ್ ತಿಂಗಳಲ್ಲಿ ಆ ಅಂಗೈಯ ಮೇಲಿನ ನಂಬಿಕೆಯೂ ಹೋಯಿತು. ಸಂಜೆಯಾದರೆ ಲಾಳಿ ಆಚೆ ಬದಿ ತಲುಪದೆ ಸೀರೆಯ ನಡುವೆಯೇ ನಿಂತು, ಎಳೆಗಳನ್ನು ಕಡಿಯುತ್ತಿತ್ತು. ಅವನ್ನು ಮತ್ತೆ ಕಟ್ಟಲು ಒಂದು ಗಂಟೆ. ಬೆಲ್ಟು ನೋಡಿದರು, ಮೋಟಾರು ಬಿಚ್ಚಿದರು, ತಪ್ಪು ಸಿಗಲಿಲ್ಲ. ಉಳಿದದ್ದು ತಮ್ಮ ವಯಸ್ಸೊಂದೇ ಎಂದು ತೀರ್ಮಾನಿಸಿ, ಸೋಮವಾರ ಬಂದು ಮಗ್ಗ ಒಯ್ಯುವಂತೆ ಗುಜರಿಯವನಿಗೆ ಹೇಳಿ ಬಂದರು.

ಹೆಂಡತಿ ಮುತ್ತಮ್ಮ ಕಂಡಿಕೆಗೆ ನೂಲು ಸುತ್ತುತ್ತಾ ಎಲ್ಲ ಕೇಳಿಸಿಕೊಂಡರು. ಆಮೇಲೆ ಗಂಡನ ಕಿವಿಯ ಹತ್ತಿರ ಬಂದರು.

“ಬೆಳಿಗ್ಗೆ ಒಂದೆಳೆನೂ ಕಡಿಯಲ್ಲ. ನಿಮ್ಗೆ ವಯಸ್ಸಾಗೋದು ಆರೂವರೆ ಮೇಲೇನಾ?”

ಮರುದಿನ ಮುತ್ತಮ್ಮ ಗಡಿಯಾರ ನೋಡುತ್ತಾ ಕೂತರು. ಆರೂವರೆಗೆ ಮಗ್ಗದ ಮೇಲಿನ ಹಳೇ ಬಲ್ಬು ಮಂಕಾಯಿತು, ಲಾಳಿ ನಿಂತಿತು. ಹೊರಗೆ ಬಂದರೆ, ಎದುರುಮನೆಯ ಸನಾವುಲ್ಲಾ ಏರ್‌ಪೋರ್ಟ್ ಬಾಡಿಗೆ ಮುಗಿಸಿ ಬಂದು, ತನ್ನ ಮತ್ತು ತಮ್ಮ ಮುಜಾಮಿಲ್‌ನ ಎಲೆಕ್ಟ್ರಿಕ್ ಕಾರುಗಳಿಗೆ ಚಾರ್ಜ್ ಹಾಕಿ ನಿಂತಿದ್ದ. ಮೇ ಕೊನೆಯಲ್ಲಿ ತಂದ ಕಾರುಗಳು. ಒಮ್ಮೆ ಆರಿಸಿ ನೋಡು ಎಂದರು ಮುತ್ತಮ್ಮ. ಆರಿಸಿದ. ತೆರೆದ ಬಾಗಿಲೊಳಗೆ ಬಲ್ಬು ಬೆಳಗಿತು. ಹಾಕಿದ, ಮತ್ತೆ ಮಂಕಾಯಿತು. ಹೊಸ್ತಿಲಲ್ಲಿ ನಿಂತಿದ್ದ ಕೊಂಡಪ್ಪ ಇನ್ನೊಮ್ಮೆ ಮಾಡಿಸಿ ನೋಡಿದರು.

ಮನೆಯಲ್ಲಿ ಚಾರ್ಜ್ ಆಗುವ ಒಂದು ಕಾರು ಸುಮಾರು ನಾಲ್ಕು ಮಗ್ಗದಷ್ಟು ಕರೆಂಟು ಎಳೆಯುತ್ತದೆ. ಇದ್ದ ಮಗ್ಗಗಳಿಗೇ ಕಷ್ಟಪಟ್ಟು ಸಾಲುತ್ತಿದ್ದ ಬೀದಿಯ ಟ್ರಾನ್ಸ್‌ಫಾರ್ಮರ್‌ಗೆ ಒಂದೇ ತಿಂಗಳಲ್ಲಿ ಎಂಟು ಹೊಸ ಮಗ್ಗ ಬಂದಂತಾಗಿತ್ತು. ವೋಲ್ಟೇಜ್ ಕುಸಿದು, ಲಾಳಿಯನ್ನು ಆಚೆ ಬದಿಗೆ ತಳ್ಳುವಷ್ಟು ಬಲ ಮೋಟಾರಿಗೆ ಸಿಗುತ್ತಿರಲಿಲ್ಲ.

ಸನಾವುಲ್ಲಾ ಪೆಚ್ಚಾದ. “ಮೊದ್ಲೇ ಹೇಳ್ಬಾರ್ದಾ ಅಮ್ಮಾ? ನಾವು ಹೊರಡೋದು ಬೆಳಿಗ್ಗೆ ಐದಕ್ಕೆ. ಒಂಬತ್ತಕ್ಕೆ ಹಾಕಿದ್ರೂ ತುಂಬುತ್ತೆ. ಆದ್ರೆ ಅಷ್ಟೊತ್ಗೆ ಇಬ್ರೂ ನಿದ್ದೆ ಹೋಗಿರ್ತೀವಿ.”

ಮುತ್ತಮ್ಮ ಅದನ್ನು ಗಂಡನ ಕಿವಿಗೆ ಜೋರಾಗಿ ಹೇಳಿದರು.

“ನೀವು ಮಲ್ಕೊಳಪ್ಪ,” ಎಂದರು ಕೊಂಡಪ್ಪ. “ಸ್ವಿಚ್ ನಾನು ಹಾಕ್ತೀನಿ.”

ಸೋಮವಾರ ಬಂದ ಗುಜರಿಯವನು ಟೀ ಕುಡಿದು ಬರಿಗೈಯಲ್ಲಿ ಹೋದ.

ಈಗ ಒಂಬತ್ತಕ್ಕೆ ಮಗ್ಗ ನಿಲ್ಲಿಸಿ ಕೊಂಡಪ್ಪ ಎದುರುಮನೆಗೆ ಹೋಗುತ್ತಾರೆ. ಸ್ವಿಚ್ ಹಾಕಿ, ಒಂದೊಂದು ಕಾರಿನ ಮೇಲೂ ಅಂಗೈ ಇಟ್ಟು ನಿಲ್ಲುತ್ತಾರೆ. ನಡುಕವೇನೂ ಇರುವುದಿಲ್ಲ. ಆದರೂ ಮನೆಗೆ ಬಂದು, ಎರಡೂ ಸರಿಯಾಗಿ ಓಡ್ತಾ ಇವೆ ಎಂದು ಮುತ್ತಮ್ಮನಿಗೆ ಹೇಳುತ್ತಾರೆ.