ನಡುಕೆರೆಯ ಗುಂಡಿ

ನಮ್ಮ ದೊಡ್ಡಪ್ಪನಿಗೆ ಕೆರೆಯ ಮೇಲಿದ್ದಷ್ಟು ಪ್ರೀತಿ ಮನೆಯವರ ಮೇಲಿರಲಿಲ್ಲ. ದೊಡ್ಡಮ್ಮ ಇದನ್ನು ಅವನ ಎದುರಿಗೇ ಹೇಳುತ್ತಿದ್ದಳು. ಅವನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಗುಡ್ಡದ ಗಣಿಯಿಂದ ಬಂದ ಸೀಸ ಕೆರೆಯ ತಳದಲ್ಲಿ ಕೂತಿದೆ ಎಂದು ತಿಳಿದು ಮೀನು ಹಿಡಿಯುವುದನ್ನು ನಿಲ್ಲಿಸಿ ಹನ್ನೊಂದು ವರ್ಷವಾಗಿತ್ತು. ಆದರೂ ಬಲೆಯನ್ನು ಇಲಿ ಕಡಿದರೆ ಅಂದೇ ಕೂತು ಸರಿಮಾಡುತ್ತಿದ್ದ. ಬೆಳಿಗ್ಗೆ ಎದ್ದವನೇ ದಡಕ್ಕೆ ಹೋಗಿ ಸುಮ್ಮನೆ ನೀರು ನೋಡುತ್ತ ನಿಲ್ಲುತ್ತಿದ್ದ.

ವರ್ಷಕ್ಕೊಮ್ಮೆ ಪ್ರಯೋಗಾಲಯದ ಮೇಡಂ ಬಂದಾಗ ಮಾತ್ರ ಅವನ ದೋಣಿಗೆ ಕೆಲಸ. ಅವರು ಉದ್ದನೆಯ ಕೊಳವೆಯನ್ನು ತಳಕ್ಕೆ ಚುಚ್ಚಿ ಕೆಸರು ಎತ್ತುತ್ತಿದ್ದರು. ಕೆಸರಲ್ಲಿ ಸೀಸ ಕಡಿಮೆಯಾದರೆ ಮತ್ತೆ ಬಲೆ ಹಾಕಬಹುದು, ಇಲ್ಲದಿದ್ದರೆ ಇಲ್ಲ. ಆ ವರ್ಷ ದಡದ ಕೆಸರು ಪರವಾಗಿಲ್ಲ ಎನ್ನುವಂತಿತ್ತು.

"ಆಳದಲ್ಲಿ ಇನ್ನೊಂದೇ ಕಡೆ ನೋಡ್ಬೇಕು. ಜಾಗ ನೀವೇ ತೋರಿಸಿ," ಎಂದರು ಮೇಡಂ.

ದೊಡ್ಡಪ್ಪ ಹಿಗ್ಗಿಹೋದ. ನಡುಕೆರೆಯಲ್ಲಿ ಅವನದೊಂದು ಗುಂಡಿಯಿತ್ತು. ಅವನ ಅಪ್ಪ ತೋರಿಸಿಕೊಟ್ಟದ್ದು. ಸ್ವಂತ ತಮ್ಮನಿಗೂ, ಅಂದರೆ ನನ್ನ ಅಪ್ಪನಿಗೂ, ಬಾಯಿಬಿಡದ ಜಾಗ. ಅಷ್ಟು ವರ್ಷದ ಗುಟ್ಟನ್ನು ಅವತ್ತು ತಾನಾಗಿಯೇ ಬಿಟ್ಟುಕೊಟ್ಟ.

"ಇಷ್ಟು ಒಳ್ಳೇ ಕೆಸರು ಕೆರೇಲಿ ಇನ್ನೆಲ್ಲೂ ಇಲ್ಲ ಮೇಡಂ, ಬೆಣ್ಣೆ ಥರ. ಮೀನು ಕೊಬ್ತಾ ಇದ್ದದ್ದೇ ಇಲ್ಲಿ. ಮಗಳು ಹೊಟ್ಟೇಲಿದ್ದಾಗ ನನ್ನ ಹೆಂಡ್ತಿಗೆ ದಿನಾ ಇಲ್ಲಿಂದಾನೇ ತಂದುಕೊಡ್ತಿದ್ದೆ."

ಮೇಡಂ ಅವನ ಮುಖವನ್ನೊಮ್ಮೆ ನೋಡಿ, ಕೊಳವೆ ಇಳಿಸಿದರಂತೆ.

ತಿಂಗಳಾದ ಮೇಲೆ ಅವರು ಮನೆಗೇ ಬಂದರು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಬಿಡಿಸಿ ಹೇಳಿದರು: ನುಣ್ಣನೆಯ ಕೆಸರೆಲ್ಲ ಹರಿದು ಆಳದಲ್ಲಿ ಸೇರುತ್ತದೆ, ಸೀಸವೂ ಅದಕ್ಕೇ ಅಂಟಿಕೊಂಡು ಹೋಗುತ್ತದೆ. ಇಡೀ ಕೆರೆಯಲ್ಲಿ ಅತಿ ಕೆಟ್ಟ ಜಾಗ ಆ ಗುಂಡಿಯೇ. ಮೂವತ್ತು ವರ್ಷ ಹಿಂದಿನ, ಅಂದರೆ ಮಗಳು ಹೊಟ್ಟೆಯಲ್ಲಿದ್ದ ಕಾಲದ ಪದರದಲ್ಲೂ ಸೀಸವಿದೆ. ಇನ್ನು ಬಲೆಯ ಮಾತು ಯಾವಾಗ ಎಂದು ಹೇಳಲಾಗುವುದಿಲ್ಲ.

ಅವರು ಹೋದರು. ದೊಡ್ಡಪ್ಪ ತಲೆ ಎತ್ತಲಿಲ್ಲ.

"ನಾನೇ ತಂದು ತಂದು ಹಾಕ್ದೆ ಕಣೇ ನಿನಗೆ," ಎಂದ.

ಬೈಯುವುದರಲ್ಲಿ ದೊಡ್ಡಮ್ಮ ಎತ್ತಿದ ಕೈ. ಈಗ ಶುರುವಾಗುತ್ತದೆ ಎಂದು ನಾನು ಮೆಲ್ಲಗೆ ಬಾಗಿಲ ಕಡೆ ಸರಿದೆ. ಅವಳು ಬೈಯಲಿಲ್ಲ. ಅವನ ಪಕ್ಕದಲ್ಲಿ ನೆಲದ ಮೇಲೆ ಕುಸಿದು ಕೂತಳು.

"ಇಷ್ಟೆಲ್ಲಾ ಕೇಳಿದ್ಮೇಲೂ ನನಗೆ ಆ ಮೀನೇ ಬೇಕು ಅನ್ಸುತ್ತಲ್ರೀ," ಎಂದು ಅತ್ತಳು. "ಏನ್ ಮಾಡ್ಲಿ ನಾನು?"