ಕ್ರೇನ್ ಮೇಲಿನ ಕಾದಂಬರಿಕಾರ

ಬಂದರಿನ ದೀಪಗಳು ಇನ್ನೂ ಆರಿಲ್ಲ. ಊಟದ ಡಬ್ಬಿ ಹೆಗಲಿಗೆ ನೇತುಹಾಕಿಕೊಂಡು ಮೇಲಣ್ಣ ಕ್ರೇನಿನ ಏಣಿ ಹತ್ತುತ್ತಿದ್ದಾರೆ. ಎಲ್ಲರೂ ಇವರನ್ನು ಕರೆಯುವುದೇ ಹಾಗೆ. ಹನ್ನೆರಡು ಮಹಡಿಯಷ್ಟು ಎತ್ತರದಲ್ಲಿ, ಒಬ್ಬರೇ ಕೂರುವಷ್ಟು ಗಾಜಿನ ಗೂಡು, ಕಾಲಡಿಯೂ ಗಾಜೇ. ಕೆಳಗಿನ ಸಿಗ್ನಲ್‌ನವನು ಅಂಗೈ ಬಾಗಿಸಿದರೆ ಕಂಟೇನರ್ ಇಳಿಯಬೇಕು, ಮುಷ್ಟಿ ಹಿಡಿದರೆ ನಿಲ್ಲಬೇಕು. ಮಾತಿಗೆ ಕೆಲಸವೇ ಇಲ್ಲ. ದಿನಕ್ಕೆ ನೂರಕ್ಕೂ ಹೆಚ್ಚು ಕಂಟೇನರ್ ಎತ್ತಿಳಿಸುವ ಇವರ ಹೆಸರು ಬಂದರಿನ ಯಾವ ಫಲಕದಲ್ಲೂ ಇಲ್ಲ. ಇರುವುದು ರಿಬ್ಬನ್ ಕತ್ತರಿಸಿ ಕೈತೊಳೆದುಕೊಂಡು ಹೋದವರದ್ದು.

ಇಪ್ಪತ್ತೆರಡು ವರ್ಷದ ಈ ಕೆಲಸ ಒಂದು ರೋಗ ಅಂಟಿಸಿದೆ. ಮನೆಯಲ್ಲೂ ಕೈಸನ್ನೆ. ಬಡಿಸಿದ್ದು ಸಾಕೆಂದರೆ ಮುಷ್ಟಿ. ಹೆಂಡತಿಗೆ ಜ್ವರ ಬಂದಾಗಲೂ ಹೆಬ್ಬೆರಳೆತ್ತಿ ‘ಹೇಗಿದ್ದೀಯ’ ಎಂದು ಕೇಳಿದರಂತೆ.

ಮಾತೆಲ್ಲ ಹೋದದ್ದು ತಾವು ಬರೆದ ಕಾದಂಬರಿಗೆ. ನಕ್ಷತ್ರಗಳ ನಡುವೆ ಸರಕು ಸಾಗಿಸುತ್ತ, ಹಡಗಿನಲ್ಲೇ ಹುಟ್ಟಿ ಹಡಗಿನಲ್ಲೇ ಮುದುಕರಾಗುವ ವ್ಯಾಪಾರಿಗಳ ಕಥೆ ಅದು. ಭೂಮಿಯಲ್ಲಿ ಕುಳಿತವರು ಅವರ ಸರಕಿಗೆ ದರ ಕಟ್ಟುತ್ತಾರೆ, ಉಸಿರಾಡುವ ಗಾಳಿಗೂ ಸುಂಕ ಹಾಕುತ್ತಾರೆ. ಕೊನೆಗೊಂದು ದಿನ ವ್ಯಾಪಾರಿಗಳು ತಿರುಗಿಬಿದ್ದು ಭೂಮಿಯ ಹಂಗನ್ನೇ ಕಡಿದುಕೊಳ್ಳುತ್ತಾರೆ.

“ಮೇಲೆ ಕೂತೋನ ಕಷ್ಟ ನೆಲದ ಮೇಲಿರೋರಿಗೆ ಎಲ್ಲಿ ಗೊತ್ತಾಗುತ್ತೆ? ಅದಕ್ಕೇ ಬರೆದೆ,” ಎನ್ನುತ್ತಾರೆ. ಪ್ರಕಾಶಕರು ಪುಟ ಕೂಡ ತಿರುವದೆ ಹಿಂದಿರುಗಿಸಿದ್ದಾರೆ. ಸಿಟ್ಟು ಬರಬೇಕು; ಇವರಿಗೆ ಬರುವುದಿಲ್ಲ.

ಹೋದ ವರ್ಷ ಹೆಂಡತಿ ತನ್ನ ತಂಗಿಯ ಮನೆಗೆ ಹೊರಟುಹೋದರು. ಆ ಮನೆಯ ತಾರಸಿ ಕ್ರೇನಿನಿಂದ ಕಾಣುತ್ತದೆ. ಬಟ್ಟೆ ಒಣಹಾಕಲು ಬರುತ್ತಾರೆ, ತಲೆಯೆತ್ತುವುದಿಲ್ಲ. ಕರೆಯಲು ಹೋದಾಗ ತಂಗಿಯೇ ಬಾಗಿಲಲ್ಲಿ ನಿಂತು ಚುಚ್ಚಿದಳು: “ನಕ್ಷತ್ರದೋರನ್ನೆಲ್ಲ ಮಾತಾಡಿಸ್ತೀರಲ್ಲ ಭಾವ, ಎದುರಿಗಿದ್ದ ನಮ್ಮಕ್ಕನ್ನ ಮಾತಾಡಿಸೋಕೆ ಏನು ದಾಡಿಯಾಗಿತ್ತು?”

ಕಳೆದ ವಾರ ರಜೆಯ ದಿನ ಮೇಲಣ್ಣ ಆ ಮನೆಯ ಮೆಟ್ಟಿಲ ಮೇಲೆ ಕುಳಿತು, ಮುಚ್ಚಿದ ಬಾಗಿಲಿಗೆ ಕೊನೆಯ ಅಧ್ಯಾಯ ಓದಿದರು. ಅಭ್ಯಾಸವಿಲ್ಲದ ಬಾಯಿ, ನಡುನಡುವೆ ತೊದಲಿತು. ದಾರಿಹೋಕರು ನಿಂತು ನೋಡಿ ನಡೆದರು. ವ್ಯಾಪಾರಿಗಳು ಗೆದ್ದರು, ಭೂಮಿಯ ರೇಡಿಯೊ ಸುಮ್ಮನಾಯಿತು, ಕಥೆ ಮುಗಿಯಿತು. ಒಳಗಿನಿಂದ ಹೆಂಡತಿಯ ದನಿ ಬಂತು.

“ವ್ಯಾಪಾರಿಗಳಿಗೆ ಬಿಡುಗಡೆ ಏನೋ ಕೊಡಿಸಿದ್ರಿ. ಇನ್ಮೇಲೆ ಅವರು ಯಾರ ಹತ್ರ ಜಗಳ ಆಡ್ತಾರೆ?”

ಮೇಲಣ್ಣ ಹಾಳೆಗಳನ್ನು ಮಡಚಿಕೊಂಡು ಎದ್ದು ಬಂದರು. ಈಗ ಆ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದಾರೆ. ಒಂದೊಂದು ಸಾಲನ್ನೂ ಮೊದಲು ಗಟ್ಟಿಯಾಗಿ ಹೇಳಿಕೊಂಡು.

“ಪುಸ್ತಕ ಅಚ್ಚಾಗೋದು ಹಾಗಿರಲಿ. ಇದನ್ನೂ ಅಲ್ಲೇ ಕೂತು ಓದ್ತೀನಿ. ಅವಳು ಬಾಗಿಲು ತೆಗೆದು ಬೈದ್ರೆ ಸಾಕು.”