ಒಂದು ಚಂದಾ, ಇಬ್ಬರು ಸವಾರರು

ಈ ವಯಸ್ಸಿನಲ್ಲಿ ಜನ ಪಾಪ ತೊಳೆದುಕೊಳ್ಳಲು ಭಾಗಮಂಡಲಕ್ಕೆ ಹೋಗಿ ಸಂಗಮದಲ್ಲಿ ಮುಳುಗಿ ಬರುತ್ತಾರೆ. ನಾನೂ ಹೋಗಿದ್ದೆ. ಆದರೆ ನನ್ನ ಪಾಪ ನಡೆದದ್ದು ಕಂಪ್ಯೂಟರ್ ಆಟದೊಳಗೆ. ಅಂಥದ್ದಕ್ಕೆ ಎಷ್ಟು ಸಲ ಮುಳುಗಬೇಕು ಎಂದು ಅಲ್ಲಿನ ಭಟ್ಟರನ್ನು ಕೇಳಲು ನಾಚಿಕೆಯಾಯಿತು. ಬಟ್ಟೆ ಒಣಗಿಸಿಕೊಂಡು ಮಡಿಕೇರಿ ಬಸ್ಸು ಹತ್ತಿ ವಾಪಸ್ ಬಂದೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆ ಓದಿನ ಬಲದ ಮೇಲೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿ ಆಯುಷ್ಯ ಕಳೆದೆ. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ತಡವಾಗಿ ಬಂದವರಿಗೆ ಅರ್ಧ ದಿನ ಬರೆಯುವುದು, ಪಿಕಿಂಗ್ ಸಮಯದಲ್ಲಿ ಹಣ್ಣಿನ ತೂಕ ನೋಡುವುದು, ಇದು ನನ್ನ ಕೆಲಸ. ಅದೇ ಎಸ್ಟೇಟಿನಲ್ಲಿ ಜೀಪು ಓಡಿಸುತ್ತಿದ್ದವರು ನನ್ನ ಗೆಳೆಯರು. ಮನೆಯಲ್ಲಿ ಮಲಯಾಳ, ರಸ್ತೆಯಲ್ಲಿ ಕನ್ನಡ, ಜೀಪು ಕೆಟ್ಟಾಗ ತಮಿಳು ಮಾತಾಡುವ ಮನುಷ್ಯ. ನನಗೆ ಅವರು ‘ಡ್ರೈವರೇ’, ಅವರಿಗೆ ನಾನು ‘ರೈಟ್ರೇ’. ಇಬ್ಬರೂ ರಿಟೈರಾಗಿ ಕುಶಾಲನಗರಕ್ಕೆ ಬಂದು ನೆಲೆಸಿದ ಮೇಲೂ ಈ ಪದವಿಗಳನ್ನು ಯಾರೂ ಕಿತ್ತುಕೊಳ್ಳಲಿಲ್ಲ.

ಝೆರಾಕ್ಸ್ ಅಂಗಡಿ ಇಟ್ಟಿರುವ ನನ್ನ ಮಗಳು ಹೊಸ ಕಂಪ್ಯೂಟರ್ ಕೊಂಡಾಗ ಹಳೆಯದನ್ನು ತಂದು ನಮ್ಮ ಜಗುಲಿಯ ಕೋಣೆಯಲ್ಲಿ ಕೂರಿಸಿದಳು. ಅದರಲ್ಲೇ ಆ ಆಟ ಇತ್ತು. ದೊಡ್ಡದೊಂದು ರಾಜ್ಯ, ಬೆಟ್ಟ, ಕೋಟೆ, ಸಂತೆ. ಎಲ್ಲೆಲ್ಲಿಯದೋ ಜನ ಒಟ್ಟಿಗೆ ಅದರೊಳಗೆ ಓಡಾಡುತ್ತಾರೆ, ಗುಂಪು ಕಟ್ಟಿಕೊಂಡು ರಾಕ್ಷಸರನ್ನು ಹೊಡೆಯುತ್ತಾರೆ, ಬಿಡುವಾದಾಗ ಹರಟೆ ಹೊಡೆಯುತ್ತಾರೆ. ಒಳಗೆ ಹೋಗಬೇಕಾದರೆ ತಿಂಗಳು ತಿಂಗಳು ಚಂದಾ ಕಟ್ಟಬೇಕು.

ಚಂದಾ ಎಂದ ಕೂಡಲೇ ನಮಗಿಬ್ಬರಿಗೂ ಹೊಳೆದದ್ದು ಎಸ್ಟೇಟಿನ ಪದ್ಧತಿ. ಅಲ್ಲಿ ದಣಿಗಳ ಬಂಗಲೆಗೆ ಬಂದ ಪೇಪರು ಮಾರನೆಯ ದಿನ ಆಫೀಸಿಗೆ ಬಂದು ನನ್ನ ಕೈ ಸೇರುತ್ತಿತ್ತು, ಅದರ ಮಾರನೆಯ ದಿನ ಡ್ರೈವರ ಮನೆಗೆ ಹೋಗುತ್ತಿತ್ತು. ಚಂದಾ ಒಂದು, ಓದುವವರು ಊರೆಲ್ಲ. ಆಟಕ್ಕೂ ಹಾಗೇ ಮಾಡಿದೆವು. ಖಾತೆ ನನ್ನ ಹೆಸರಲ್ಲಿ, ಚಂದಾ ಒಂದು ತಿಂಗಳು ನನ್ನದು, ಒಂದು ತಿಂಗಳು ಅವರದು. ಇಬ್ಬರಿಗೂ ಸೇರಿ ಒಬ್ಬನೇ ವೀರ. ಉದ್ದ ಗಡ್ಡ, ಕಬ್ಬಿಣದ ಅಂಗಿ, ಒಂದು ಕಂದು ಕುದುರೆ. ಬೆಳಿಗ್ಗೆ ಆ ವೀರ ನಾನು, ಸಂಜೆ ಅವರು.

ನಮಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನಮ್ಮ ಗುಂಪಿನವರಿಗೆ ಕಂಡಿರಬೇಕು. ಗುಂಪಿನಲ್ಲಿ ಮೈಸೂರಿನವರು, ಮಂಗಳೂರಿನವರು, ಕಣ್ಣೂರಿನವರು, ದುಬೈಯಲ್ಲಿ ಕೂತವರು ಎಲ್ಲ ಇದ್ದರು. ಬೆಳಗಿನ ವೀರ ಸಂತೆ ಬಿಟ್ಟು ಹೊರಗೆ ಹೋಗುತ್ತಿರಲಿಲ್ಲ. ಗುಂಪಿನ ಉಗ್ರಾಣ ನೋಡಿಕೊಳ್ಳುತ್ತಿದ್ದ, ಯಾರು ಬಂದರು ಯಾರು ಬರಲಿಲ್ಲ ಎಂದು ಹಾಜರಿ ಹಾಕುತ್ತಿದ್ದ, ತಡವಾಗಿ ಬಂದವರಿಗೆ ರಾಕ್ಷಸನ ಸೊತ್ತಿನಲ್ಲಿ ಅರ್ಧ ಪಾಲು ಎಂದು ಹೇಳುತ್ತಿದ್ದ. ಸಂಜೆಯ ವೀರ ಕುದುರೆ ಹತ್ತಿದರೆ ಇಳಿಯುತ್ತಿರಲಿಲ್ಲ. ಬೆಟ್ಟದಲ್ಲಿ ದಾರಿ ತಪ್ಪಿದ ಹೊಸಬರನ್ನು ಹುಡುಕಿ ಹಿಂದೆ ಕೂರಿಸಿಕೊಂಡು ಬರುತ್ತಿದ್ದ, ದಾರಿಯುದ್ದಕ್ಕೂ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿ ಮೂರು ಭಾಷೆಯಲ್ಲಿ ತಮಾಷೆ ಮಾಡುತ್ತಿದ್ದ, ಎರಡು ಭಾಷೆಯಲ್ಲಿ ಬೈಯುತ್ತಿದ್ದ.

ಒಂದು ಬೆಳಿಗ್ಗೆ ಮಂಗಳೂರಿನವನೊಬ್ಬ ಬರೆದ: “ಅಜ್ಜ, ನೀವು ಸಂಜೆ ಸ್ವಲ್ಪ ಹಾಕ್ಕೊಳ್ತೀರಿ ಅಂತ ಎಲ್ರಿಗೂ ಗೊತ್ತುಂಟು. ಬೆಳಿಗ್ಗೆನೂ ಸ್ವಲ್ಪ ಹಾಕಿಕೊಂಡ್ರೆ ಗುಂಪಿಗೆ ಒಳ್ಳೇದು.”

ಇದನ್ನು ಡ್ರೈವರಿಗೆ ಹೇಳಿದಾಗ ಅವರು ಕೆಮ್ಮು ಬರುವಷ್ಟು ನಕ್ಕರು. ಅವರು ಜನ್ಮದಲ್ಲಿ ಕುಡಿದವರಲ್ಲ. ನಾನೂ ನಕ್ಕೆ. ಆದರೆ ಒಳಗೆ ಎಲ್ಲೋ ಚುಚ್ಚಿತು. ಖಾತೆ ನನ್ನದು, ಹೆಸರು ನನ್ನದು, ಜನಕ್ಕೆ ಬೇಕಾದದ್ದು ಸಂಜೆಯವನು.

ಹೀಗಿರುವಾಗ ಕಂಪನಿಯವರ ಪ್ರಕಟಣೆ ಬಂತು. ಆಡುವವರು ಕಡಿಮೆಯಾಗುತ್ತಿದ್ದಾರೆ, ಚಂದಾ ತೆಗೆದು ಬಾಗಿಲನ್ನು ಎಲ್ಲರಿಗೂ ಫ್ರೀ ಬಿಡೋಣವೇ, ಒಳಗೆ ಅಂಗಡಿ ಇಟ್ಟು ಟೋಪಿ, ಕುದುರೆ ಮಾರಿ ಬದುಕೋಣವೇ, ಹಳೆಯ ಚಂದಾದಾರರು ಹೇಳಿ ಎಂದು ಕೇಳಿದ್ದರು. ಒಂದು ಖಾತೆಗೆ ಒಂದು ಓಟು. ಬೇಕಾದವರು ತಮ್ಮ ಕಾರಣವನ್ನೂ ಬರೆದು ಆಟದೊಳಗಿನ ಹಲಗೆಗೆ ಹಾಕಬಹುದು.

ಸಂಜೆ ಡ್ರೈವರು ಬಂದಾಗ ಓದಿ ಹೇಳಿದೆ. ಅವರ ಮುಖ ಅರಳಿತು.

“ಫ್ರೀ ಆದ್ರೆ ನಾನೂ ಒಂದು ಮಾಡ್ಕೋಬಹುದಲ್ಲ ರೈಟ್ರೇ. ನಂದೇ ಹೆಸ್ರಲ್ಲಿ. ಸೊಸೆ ಫೋನಲ್ಲೂ ಬರ್ತದಂತೆ.”

“ಫ್ರೀ ಸಿಕ್ಕಿದ್ದಕ್ಕೆ ಬೆಲೆ ಇರಲ್ಲ ಡ್ರೈವರೇ.”

“ಪೇಪರ್ ಫ್ರೀ ಓದಿದ್ವಲ್ಲ ಅಷ್ಟು ವರ್ಷ. ಬೆಲೆ ಇರ್ಲಿಲ್ವಾ?”

“ಅದು ಬೇರೆ. ಈಗ ಒಳಗೆ ಎಲ್ಲಾರೂ ಸಮ. ದುಡ್ಡಿದ್ದೋನೂ ಒಂದೇ ಚಂದಾ, ಇಲ್ದೋನೂ ಒಂದೇ ಚಂದಾ. ನಾಳೆ ಅಂಗಡಿ ಇಟ್ರೆ ದುಡ್ಡಿದ್ದೋನು ಒಳ್ಳೇ ಕತ್ತಿ ತಗೊಂಡು ನಮ್ಮ ತಲೆ ಮೇಲೆ ಕೂರ್ತಾನೆ.”

“ಇಲ್ದೋನು ಈಗ ಒಳಗೇ ಇಲ್ಲ. ಗೇಟಿನ ಹೊರಗೆ ನಿಂತಿದಾನೆ. ಅವ್ನನ್ನ ಬಿಟ್ಟು ಲೆಕ್ಕ ಹಾಕಿದ್ರೆ ಎಲ್ಲಾರೂ ಸಮಾನೇ.”

ಅಡಿಗೆಮನೆಯಿಂದ ನನ್ನ ಹೆಂಡತಿ ಕಾಫಿ ತಂದಿಟ್ಟಳು. “ಇಬ್ರು ಮುದುಕ್ರಿಗೆ ಒಂದು ಕುದ್ರೆ ಹಂಚ್ಕೊಳೋಕೆ ಆಗ್ತಿಲ್ಲ, ರಾಜ್ಯದ ವಿಚಾರ ಮಾತಾಡ್ತಾವೆ” ಎಂದಳು.

ಡ್ರೈವರು ಲೋಟ ಕೆಳಗಿಟ್ಟು ಹೇಳಿದರು: “ಓಟು ಇಬ್ರದ್ದೂ ಸೇರಿ ಒಂದು. ಅವಸರ ಬೇಡ. ನಾಳೆ ಸಂಜೆ ಕೂತು ಹಾಕುವ.” ನಾನು ಹೂಂ ಅಂದೆ.

ನನ್ನ ವಾದದಲ್ಲಿ ಹುರುಳಿರಲಿಲ್ಲ ಎನ್ನಲಾರೆ. ಆಮೇಲೆ ನಡೆದದ್ದು ನೋಡಿದರೆ ಹುರುಳಿತ್ತು. ಆದರೆ ಆ ದಿನ ನನಗೆ ಆಟದ ಭವಿಷ್ಯದ ಚಿಂತೆ ಇರಲಿಲ್ಲ. ಫ್ರೀ ಆದರೆ ಈ ಮನುಷ್ಯ ಸಂಜೆ ನನ್ನ ಜಗುಲಿಗೆ ಯಾಕೆ ಬರುತ್ತಾನೆ ಎನ್ನುವುದು ಒಂದು ಚಿಂತೆ. ಬಂದರೂ ನನ್ನ ಖಾತೆಗೆ ಕಾಯುವ ಅಗತ್ಯ ಇರುವುದಿಲ್ಲ ಎನ್ನುವುದು ಇನ್ನೊಂದು. ಎಸ್ಟೇಟಿನಲ್ಲಿ ಜೀಪಿಗೆ ಡೀಸೆಲ್ ಚೀಟಿ ಬರೆಯುತ್ತಿದ್ದವನು ನಾನು. ಚೀಟಿ ಇಲ್ಲದೆ ಅವರು ಗೇಟು ದಾಟುವಂತಿರಲಿಲ್ಲ. ದಣಿಗಳ ಸಹಿ ಬೇಕಾದಾಗ ನಾನು ಅವರ ಕ್ಲಬ್ಬಿನ ಹಿಂಬದಿಯ ಮೆಟ್ಟಿಲಲ್ಲಿ ಕಾಗದ ಹಿಡಿದು ನಿಲ್ಲುತ್ತಿದ್ದೆ; ಒಳಗೆ ಬಾ ಎಂದು ಒಂದು ದಿನವೂ ಯಾರೂ ಕರೆಯಲಿಲ್ಲ. ಅಂಥವನಿಗೆ ಮುಪ್ಪಿನಲ್ಲಿ ಒಂದು ಗೇಟಿನ ಒಳಗೆ ನಿಲ್ಲುವ ಯೋಗ ಬಂದಿತ್ತು. ಒಳಗೆ ನಿಂತವನು ಮಾಡುವ ಮೊದಲ ಕೆಲಸ ಚಿಲಕ ಎಲ್ಲಿದೆ ಎಂದು ನೋಡುವುದು.

ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕಂಪ್ಯೂಟರಿನ ಮುಂದೆ ಕೂತು ‘ಚಂದಾ ಇರಲಿ’ ಎಂದು ಓಟು ಹಾಕಿದೆ. ಅಷ್ಟಕ್ಕೇ ಎದ್ದಿದ್ದರೆ ಈ ಬರಹದ ಅಗತ್ಯ ಇರುತ್ತಿರಲಿಲ್ಲ. ಹಲಗೆಗೂ ಬರೆದೆ. ಹೈಸ್ಕೂಲಿನ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಬಾರದ ಸಿಟ್ಟೆಲ್ಲ ಅಲ್ಲಿ ಹೊರಬಂತು. ಶಿಸ್ತು, ಸಂಸ್ಕಾರ, ಮರ್ಯಾದಸ್ಥರು ಆಡುವ ಸ್ಥಳ ಎಂದೆಲ್ಲ ಬರೆದು ಕೊನೆಗೆ ಇದನ್ನು ಸೇರಿಸಿದೆ: “ಚಂದಾದಾರನಿಗೆ ಮಾತ್ರ ಜವಾಬ್ದಾರಿ ಇರುತ್ತದೆ. ಇನ್ನೊಬ್ಬರ ಖಾತೆಗೆ ಜೋತುಬಿದ್ದು ಆಡುವವರು ಈಗಲೇ ಇದ್ದಾರೆ. ಬಾಗಿಲು ತೆಗೆದರೆ ಅಂಥವರೇ ತುಂಬಿಕೊಳ್ಳುತ್ತಾರೆ.”

ಆ ತಿಂಗಳ ಚಂದಾ ಕಟ್ಟಿದ್ದವರು ಡ್ರೈವರು.

ಸಂಜೆ ಅವರು ಬಂದರು. ಕಂಪ್ಯೂಟರಿನ ಮುಂದೆ ಕೂರಿಸಿ ನಾನು ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಹಲಗೆಯನ್ನು ಅವರು ನೋಡುವುದಿಲ್ಲ, ನೇರ ಕುದುರೆ ಹತ್ತುತ್ತಾರೆ ಎಂದು ನನ್ನ ಲೆಕ್ಕ. ಆದರೆ ಒಳಗೆ ಹೋದ ಕೂಡಲೇ ಗುಂಪಿನ ಇಬ್ಬರು ಮೂವರು ನಮ್ಮ ವೀರನನ್ನು ಸುತ್ತುವರಿದು ಚಪ್ಪಾಳೆ ತಟ್ಟಿದರು. ‘ಅಜ್ಜ, ಸರಿಯಾಗಿ ಬರೆದಿದೀರಿ’, ‘ಜೋತುಬಿದ್ದವರಿಗೆ ಒಳ್ಳೇ ಏಟು’ ಎಂದು ಮಾತುಗಳು ಉದುರಿದವು. ಡ್ರೈವರು ಕುದುರೆಯನ್ನು ಮೆಲ್ಲಗೆ ಹಲಗೆಯ ಮುಂದೆ ತಂದು ನಿಲ್ಲಿಸಿದರು. ಕನ್ನಡ ಅಕ್ಷರ ಅವರಿಗೆ ನಿಧಾನ. ಒಂದೊಂದೇ ಪದವನ್ನು ಗಟ್ಟಿಯಾಗಿ ಓದಿದರು, ಎಸ್ಟೇಟಿನ ಆಳುಗಳ ಲೈನ್ ಮನೆಯ ಶಾಲೆಯಲ್ಲಿ ಮಕ್ಕಳು ಓದುವ ಹಾಗೆ. ಜೋತುಬಿದ್ದು ಎಂಬಲ್ಲಿ ನಿಂತು ಇನ್ನೊಮ್ಮೆ ಓದಿದರು.

“ಇದು ನಾನು ಬರ್ದದ್ದಾ ರೈಟ್ರೇ?”

“ಇಲ್ಲ, ನಾನು. ಬೆಳಿಗ್ಗೆ.”

“ಅಲ್ಲ, ಕೆಳಗೆ ನನ್ನ ಹೆಸ್ರು ಉಂಟಲ್ಲ. ವೀರನ ಹೆಸ್ರು ಅಂದ್ರೆ ನಮ್ಮಿಬ್ರ ಹೆಸ್ರು. ಅದ್ಕೇ ಕೇಳಿದ್ದು.”

“ನಿಮ್ಮನ್ನ ಉದ್ದೇಶಿಸಿ ಬರೆದದ್ದಲ್ಲ ಡ್ರೈವರೇ. ಸಾಮಾನ್ಯವಾಗಿ ಬರೆದೆ.”

“ಸಾಮಾನ್ಯವಾಗಿ ಜೋತುಬಿದ್ದೋರು ಯಾರಿದಾರೆ ಈ ಗುಂಪಲ್ಲಿ? ಒಬ್ರ ಹೆಸ್ರು ಹೇಳಿ.”

ಅವರು ಕುದುರೆಯನ್ನು ಕೋಟೆಯ ಲಾಯದವರೆಗೆ ಓಡಿಸಿಕೊಂಡು ಹೋಗಿ, ಸಂಜೆ ಜೀಪನ್ನು ಶೆಡ್ಡಿಗೆ ಹಾಕುತ್ತಿದ್ದ ಹಾಗೆ ಒಂದೇ ಸಲಕ್ಕೆ ನೇರ ನಿಲ್ಲಿಸಿ ಇಳಿದರು. ಆಮೇಲೆ ಕುರ್ಚಿಯಿಂದ ಎದ್ದರು. ಕಾಫಿ ಕುಡಿಯದೆ ಹೊರಟದ್ದನ್ನು ನೋಡಿ ನನ್ನ ಹೆಂಡತಿ ಬಾಗಿಲಿಗೆ ಬಂದಳು. “ಏನಂದ್ರಿ ಅವ್ರಿಗೆ?” ಎಂದಳು. ಏನೂ ಅಂದಿಲ್ಲ ಅಂದೆ. ಅದು ನಿಜವೂ ಹೌದು. ಅನ್ನುವ ಧೈರ್ಯ ಇಲ್ಲದ್ದಕ್ಕೇ ಬರೆದದ್ದು.

ಓಟಿನ ಫಲಿತಾಂಶ ಬಂತು. ನಮ್ಮಂಥ ಮರ್ಯಾದಸ್ಥರೇ ಗೆದ್ದೆವು. ಕಂಪನಿಯವರು ನಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಹೃತ್ಪೂರ್ವಕ ಧನ್ಯವಾದ ಹೇಳಿ ಆಟವನ್ನು ಫ್ರೀ ಮಾಡಿದರು.

ಬಾಗಿಲು ತೆಗೆದ ದಿನ ನಾನು ಸಂತೆಯಲ್ಲಿ ನಿಂತು ನೋಡಿದೆ. ನಾನು ಹೆದರಿಸಿದ್ದೆಲ್ಲ ನಿಜವಾಯಿತು. ಕಬ್ಬಿಣದ ಅಂಗಿ ಇನ್ನೂ ಸಿಗದೆ ಚಡ್ಡಿಯಲ್ಲಿ ಬಂದ ಹೊಸ ವೀರರು ಕಾರಂಜಿಯ ಮೇಲೆ ಹತ್ತಿ ಕುಣಿದರು. ಒಬ್ಬ ನನ್ನ ಹತ್ತಿರ ಬಂದು ಚಿನ್ನ ಕೇಳಿದ, ಕೊಡದಿದ್ದಾಗ ನನ್ನ ಗಡ್ಡದ ಬಗ್ಗೆ ಕೆಟ್ಟ ಮಾತು ಹೇಳಿ ಹೋದ. ಅಂಗಡಿಯಲ್ಲಿ ಬೆಂಕಿ ಉಗುಳುವ ಕುದುರೆ ಮಾರಾಟಕ್ಕೆ ಬಂತು. ಹಲಗೆಯಲ್ಲಿ ಶಿಸ್ತು ಸಂಸ್ಕಾರ ಎಂದು ನನಗೆ ಚಪ್ಪಾಳೆ ತಟ್ಟಿದ್ದ ಮೈಸೂರಿನ ಮಹಾಶಯರೊಬ್ಬರೇ ಅದನ್ನು ಮೊದಲು ಕೊಂಡು ಹತ್ತಿಕೊಂಡು ಬಂದರು. ಆದರೂ ಸಂತೆ ಸಂತೆಯ ಹಾಗೆ ಇತ್ತು. ಕುಶಾಲನಗರದ ಬಸ್ ಸ್ಟ್ಯಾಂಡಿನಷ್ಟು ಗಲಾಟೆ. ಅದಕ್ಕೆ ಮುಂಚೆ ನಾನು ಎಷ್ಟೋ ಬೆಳಿಗ್ಗೆ ಅಲ್ಲಿ ಒಬ್ಬನೇ ನಿಂತು ಖಾಲಿ ಉಗ್ರಾಣ ಕಾದದ್ದು ಆಗ ನೆನಪಾಯಿತು.

ಸಂಜೆಯೂ ಈಗ ನಾನೇ ವೀರ. ಗುಂಪಿನವರು ಎರಡೇ ದಿನದಲ್ಲಿ ಪತ್ತೆ ಮಾಡಿದರು. “ಅಜ್ಜ ಕುಡಿಯೋದು ಬಿಟ್ರಂತೆ, ಪಾಪ” ಎಂದು ತಮ್ಮೊಳಗೆ ಮರುಗಿದರು. ನಾನು ಕುದುರೆ ಹತ್ತಿ ಬೆಟ್ಟಕ್ಕೆ ಹೋಗಲು ನೋಡಿದೆ. ಎರಡು ಸಲ ಪ್ರಪಾತಕ್ಕೆ ಬಿದ್ದೆ. ದಾರಿ ತಪ್ಪಿದ ಹೊಸಬನೇ ಬಂದು ನನ್ನನ್ನು ಎತ್ತಿಕೊಂಡು ಹೋದ.

ಕೊನೆಗೆ ಒಂದು ಮಧ್ಯಾಹ್ನ ಡ್ರೈವರ ಮನೆಗೆ ನಡೆದುಕೊಂಡು ಹೋದೆ. ಅವರು ಹೊರಗೆ ಕಟ್ಟೆಯ ಮೇಲೆ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರು. ಕೈಯಲ್ಲಿ ಸೊಸೆಯ ಫೋನು. ತೆರೆಯ ಮೇಲೆ ಒಂದು ಬಿಳಿ ಕುದುರೆ ಓಡುತ್ತಿತ್ತು. ಕೂರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

“ನಾನು ಮಾಡಿದ್ದು ತಪ್ಪು ಡ್ರೈವರೇ” ಅಂದೆ. “ಓಟು ಹಾಕಿದ್ದೂ ತಪ್ಪು, ಬರೆದದ್ದೂ ತಪ್ಪು. ಚಂದಾ ಉಳೀಬೇಕು ಅಂತ ಅಲ್ಲ, ನೀವು ನನ್ನ ಹತ್ರ ಕೇಳ್ಕೊಂಡು ಬರಬೇಕು ಅಂತ ಮಾಡಿದ್ದು.”

“ಗೊತ್ತು.” ಅವರ ಕಣ್ಣು ಫೋನಿನ ಮೇಲೇ ಇತ್ತು. “ಡೀಸೆಲ್ ಚೀಟಿ ಕೊಡುವಾಗ್ಲೂ ನೀವು ಎರಡು ಸಲ ಕೇಳಿಸ್ಕೊಂಡೇ ಬರೀತಿದ್ದದ್ದು. ನಿಮ್ಗೆ ಕಿವಿ ಮಂದ ಅಂತ ಮಾಡಿದ್ದೆ.”

ಅವರು ತಮ್ಮದೇ ಒಂದು ಗುಂಪು ಕಟ್ಟಿದ್ದರು. ಅದರಲ್ಲಿ ಇದ್ದವರೆಲ್ಲ ಹೊಸಬರು, ಚಡ್ಡಿಯವರು. ನನ್ನನ್ನೂ ಸೇರಿಸಿಕೊಳ್ಳುತ್ತೀರಾ ಎಂದು ಕೇಳಿದೆ.

“ನಾನ್ಯಾರು ಸೇರಿಸ್ಕೊಳ್ಳೋಕೆ. ಯಾರು ಬೇಕಾದ್ರೂ ಬರಬಹುದು ಅಂತ ಬೋರ್ಡ್ ಹಾಕಿ ಆಗಿದೆ. ನಿಮ್ಮೊಬ್ರನ್ನ ತಡೆದ್ರೆ ಬೋರ್ಡಿಗೆ ಅವಮಾನ.” ಕುದುರೆಯನ್ನು ಒಂದು ಹಳ್ಳ ದಾಟಿಸಿ ಹೇಳಿದರು: “ಹಾಜರಿ ಗೀಜರಿ ಹಾಕಿದ್ರೆ ಮಾತ್ರ ಓಡಿಸ್ತೇನೆ.”

ಈಗ ಆ ಗುಂಪಿನಲ್ಲಿ ಇದ್ದೇನೆ. ಸಂಜೆ ಅವರು ಮುಂದೆ ಹೋಗುತ್ತಾರೆ, ಹಿಂದೆ ಚಡ್ಡಿಯ ದಂಡು, ಎಲ್ಲರಿಗಿಂತ ಹಿಂದೆ ನಾನು. ಎಲ್ಲರೊಡನೆ ಮಾತಾಡುವ ಹಾಗೆ ನನ್ನೊಡನೆಯೂ ಮಾತಾಡುತ್ತಾರೆ, ಅದಕ್ಕಿಂತ ಒಂದು ಮಾತೂ ಹೆಚ್ಚಿಲ್ಲ. ನಮ್ಮ ಜಗುಲಿಗೆ ಮಾತ್ರ ಅವರು ಮತ್ತೆ ಬಂದಿಲ್ಲ. ನನ್ನ ಹೆಂಡತಿ ಇನ್ನೂ ಕೆಲವು ಸಂಜೆ ಮರೆತು ಮೂರು ಲೋಟ ಕಾಫಿ ಬೆರೆಸುತ್ತಾಳೆ. ಉಳಿದದ್ದನ್ನು ನಾನೇ ಕುಡಿಯುತ್ತೇನೆ, ಆರಿರುತ್ತದೆ.